ತೂರ್ಪು ಮಹಲಿನ ಕೂಗು

"ನಾನು ಇಲ್ಲಿಯೇ ನಿಂತಿದ್ದೆ ಮಾರಾಯ್ರೆ. ಇನ್ನೆಷ್ಟು ಸಲ ಹೇಳುದು?"

ಸುಮಂತ್ ತಾರಸಿಯ ನಡುವೆ ಕಾಲೂರಿ ನಿಂತು ತೋರಿಸಿದ. ಎದುರಿಗೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಸಂಜೆಯ ಸಮುದ್ರ.

"ಅರ್ಪಿತಾ ಎಲ್ಲಿದ್ಲು?"

"ಅಲ್ಲಿ. ಕಟ್ಟೆಯ ಮೇಲೆ ಕೂತಿದ್ಲು."

ಪತ್ತೇದಾರಿಣಿ ಸುಲೋಚನಾ ಕಟ್ಟೆಯವರೆಗೆ ನಡೆದು ಕೆಳಗೆ ಬಗ್ಗಿ ನೋಡಿದಳು. ಕಪ್ಪು ಬಂಡೆಗಳ ಸಂದಿಯಲ್ಲಿ ನೊರೆ ಏರಿ ಇಳಿಯುತ್ತಿತ್ತು. ಹೋದ ಭಾನುವಾರ ಆ ಬಂಡೆಗಳ ನಡುವಿನಿಂದಲೇ ಇವನ ಹೆಂಡತಿಯ ಹೆಣ ಎತ್ತಿದ್ದರು. ಅದು ಕಾಲು ಜಾರಿದ ಸಾವಲ್ಲವೆಂದು ಅತ್ತು ಸುಲೋಚನಾಳನ್ನು ವಿಜಯವಾಡದಿಂದ ಇಲ್ಲಿಗೆ ಕಳಿಸಿದವಳು ಅರ್ಪಿತಾಳ ಅಕ್ಕ ಕಮಲಾಕ್ಷಿ.

ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ಕಡಲ ರಸ್ತೆಯಲ್ಲಿ, ಕೆಂಪು ಮಣ್ಣಿನ ದಿಬ್ಬಗಳು ಮುಗಿಯುವಲ್ಲಿ ತೂರ್ಪು ಮಹಲ್ ನಿಂತಿತ್ತು. ಬರ್ಮಾ ತೇಗದ ಕಂಬಗಳು, ಆಳೆತ್ತರದ ಕನ್ನಡಿಗಳು, ಅರ್ಧ ಗಾಜು ಉದುರಿದ ತೂಗುದೀಪಗಳು. ಕಟ್ಟಿಸಿದ ಜಮೀನ್ದಾರನ ವಂಶದವರು ಈಗ ಕೆಲವು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದರು. ಪರವಾಡದ ಔಷಧ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಸುಮಂತ್, ಪೆಂಡುರ್ತಿಯ ಬಾಡಿಗೆ ಮನೆಯಿಂದ ಹೊಸ ಹೆಂಡತಿಯನ್ನು ರಜೆಗೆಂದು ಇಲ್ಲಿಗೆ ಕರೆತಂದಿದ್ದ.

"ಆಮೇಲೆ ಏನಾತು ಹೇಳ್ರಿ," ಎಂದಳು ಸುಲೋಚನಾ. ಧಾರವಾಡ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅವಳ ಮಾತು ಧಾರವಾಡ ಬಿಟ್ಟಿರಲಿಲ್ಲ.

"ಫೋಟೋ ತೆಗಿ ಅಂತ ಅವಳೇ ಹೇಳಿದ್ದು. ಹಿಂದೆ ಸಮುದ್ರ ಬರ್ಬೇಕು ಅಂತ. ನಾನು ಕ್ಯಾಮರಾ ಎತ್ತಿದೆ. ಸೂರ್ಯ ಮುಳುಗುವ ಹೊತ್ತು ಅಲ್ವಾ, ಬೆಳಕು ಸೀದಾ ಕಣ್ಣಿಗೆ ಹೊಡೀತಿತ್ತು. ಒಮ್ಮೆ ಕಣ್ಣು ಮುಚ್ಚಿದೆ ನೋಡಿ, ಅಷ್ಟೇ. ಬಿಟ್ಟಾಗ ಕಟ್ಟೆಯ ಮೇಲೆ ಅವಳಿಲ್ಲ."

"ಬೆಳಕು ನಿಮ್ಮ ಕಣ್ಣಿಗೇ ಹೊಡೀತಿತ್ತೇನು?"

"ಹೌದು ಮಾರಾಯ್ರೆ. ನೀರಿನ ಮೇಲೆ ಚಿನ್ನದ ತಟ್ಟೆ ಇಟ್ಟ ಹಾಗೆ ಇತ್ತು."

"ನಿಮ್ಮ ಊರು ಯಾವುದು ಅಂದ್ರಿ?"

"ಮಲ್ಪೆ. ಯಾಕೆ?"

"ಸುಮ್ನ ಕೇಳ್ದೆ."

ಸುಮಂತ್ ಕೈಗಡಿಯಾರ ನೋಡಿಕೊಂಡ. "ಮುಗೀತಾ? ನನಗೆ ನಾಳೆ ಫಸ್ಟ್ ಶಿಫ್ಟ್ ಉಂಟು. ಕಂಪನಿ ಬಸ್ಸು ಬೇಗ ಬರ್ತದೆ."

ಹೆಂಡತಿಯ ಚಿತೆಯ ಬೂದಿ ಇನ್ನೂ ನೀರು ಕಂಡಿರಲಿಲ್ಲ. ಅವನು ಮೆಟ್ಟಿಲಿಳಿಯುವಾಗ ಗೋಡೆಯ ದೊಡ್ಡ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡು ಹೋದ.

ಬಾಗಿಲ ಹತ್ತಿರ ನಿಂತಿದ್ದ ಎಸ್.ಐ. ಭೀಮಸೇನ ಮುಂದೆ ಬಂದ. ರಾಯದುರ್ಗದ ಕಡೆಯವನು, ಮನೆಮಾತು ಕನ್ನಡ, ಓದು ಕೆಲಸ ಎಲ್ಲ ತೆಲುಗು.

"ಏನ್ ಮೇಡಂ ಗಾರು, ಸುಮ್ನೆ ಬಿಟ್ರಲ್ಲ ಅವನ್ನ?"

"ಸಾಹೇಬ್ರ, ನಿಮ್ಮ ನೆರಳು ಎಲ್ಲಿ ಬಿದ್ದದ ನೋಡ್ರಿ."

ಭೀಮಸೇನ ನೋಡಿದ. ಇಬ್ಬರ ನೆರಳೂ ಉದ್ದಕ್ಕೆ ಚಾಚಿ, ಕಟ್ಟೆ ದಾಟಿ, ಸಮುದ್ರದ ಕಡೆಗೆ ಹೋಗಿದ್ದವು. ಸೂರ್ಯ ಬೆನ್ನ ಹಿಂದೆ ಗುಡ್ಡಗಳ ಮೇಲಿದ್ದ.

"ಅಯ್ಯೋ!"

"ಮಲ್ಪೆಯಾಗ ಸೂರ್ಯ ಸಮುದ್ರದಾಗ ಮುಳುಗ್ತಾನ. ಸುಳ್ಳು ಕಟ್ಟೂ ಮುಂದ ಮನುಷ್ಯಾ ತಾನು ಹುಟ್ಟಿದಾಗಿಂದ ಕಂಡದ್ದನ್ನ ಕಟ್ತಾನ. ಇಲ್ಲೆ ಸೂರ್ಯ ಸಮುದ್ರದಾಗಿಂದ ಏಳ್ತಾನ. ಈ ಮನಿ ಹೆಸರ ತೂರ್ಪು ಮಹಲ್, ಪೂರ್ವದ ಮಹಲು. ಅಷ್ಟು ತೆಲುಗೂ ಅವಗ ಬರೂದಿಲ್ಲ."

"ಅಂಗಾದ್ರೆ ಆಯಮ್ಮ ಸಾಯಂಕಾಲ ಬಿದ್ದಿಲ್ಲ?"

"ಬಿಸಿಲು ಕಣ್ಣಿಗೆ ಹೊಡದದ್ದು ಖರೇ ಇರಬೇಕು. ಆ ಒಂದು ಮಾತು ಮಾತ್ರ ಅವ ನೆನಪಿನಿಂದ ಹೇಳಿದ. ಅಂದ್ರ ಆಕಿ ಬಿದ್ದದ್ದು ಮುಂಜಾನೆ."

ಭೀಮಸೇನ ಟೋಪಿ ತೆಗೆದು ಹಣೆ ಒರೆಸಿಕೊಂಡ. ಏಪ್ರಿಲ್ ತಿಂಗಳ ಸೆಕೆ ಸಂಜೆಗೂ ಇಳಿದಿರಲಿಲ್ಲ.

"ಡಾಕ್ಟ್ರು ಮಧ್ಯಾಹ್ನ ಫೋನ್ ಮಾಡಿದ್ರು ಮೇಡಂ. ನನಗೆ ತಲೆಬುಡ ಅರ್ಥ ಆಗಿರಲಿಲ್ಲ. ಈಗ ಆಗ್ತಾ ಐತೆ." ಅವನು ಸಮುದ್ರ ನೋಡುತ್ತ ಹೇಳಿದ. "ಆಯಮ್ಮನ ಸೊಂಟ ಮುರಿದಿತ್ತು. ಆದ್ರೆ ಬಿದ್ದ ಕೂಡ್ಲೇ ಸತ್ತಿಲ್ಲ. ಅಂಗೈ ಎರಡೂ ಚಿಪ್ಪು ತಾಗಿ ಹರಿದೋಗಿದ್ವು. ಬಂಡೆ ಮೇಲೆ ತೆವಳಿಕೊಂಡು ನೆರಳಿಗೆ ಹೋಗಾಕೆ ನೋಡ್ಯಾಳೆ. ಹೋಗಾಕೆ ಆಗಿಲ್ಲ. ಒಂದು ಕೆನ್ನೆ ಪೂರ್ತಿ ಬಿಸಿಲಿಗೆ ಬೊಬ್ಬೆ ಎದ್ದಿತ್ತು."

ಸುಲೋಚನಾ ಮತ್ತೆ ಕಟ್ಟೆಯಾಚೆ ಬಗ್ಗಿ ನೋಡಿದಳು.

"ಹೊಟ್ಟೇಲಿ ಅನ್ನದ ಅಗುಳೂ ಇರಲಿಲ್ವಂತೆ. ಆದ್ರೆ ಮೇಡಂ, ಮಧ್ಯಾಹ್ನ ಗಂಡ ಹೆಂಡತಿ ಇಬ್ಬರಿಗೂ ಊಟ ಬಡಿಸಿದೀನಿ ಅಂತ ಅಡುಗೆಯ ಜಯಮ್ಮ ಹೇಳ್ತಾಳೆ. ಅದೆಂಗೆ?"

"ನಡೀರಿ, ಆಕಿನ್ನ ಕೇಳೋಣ."

*

ಅಡುಗೆಮನೆ ಮಹಲಿನ ಹಿಂಬದಿಗಿತ್ತು. ಜಯಮ್ಮ ಅಲ್ಲೇ ಪಕ್ಕದ ಗುಡಿಸಲಲ್ಲಿದ್ದುಕೊಂಡು ಬಂದವರಿಗೆ ಅಡುಗೆ ಮಾಡಿಹಾಕುತ್ತಿದ್ದಳು. ಅವಳಿಗೆ ತೆಲುಗು ಬಿಟ್ಟು ಬೇರೆ ಬಾರದು. ಸುಲೋಚನಾ ತೆಲುಗಿನಲ್ಲೇ ಮಾತು ಎತ್ತಿದಳು.

"ಆ ದಿನ ಏನು ಅಡುಗೆ ಮಾಡಿದ್ರಮ್ಮಾ?"

"ಬೇಳೆ ಪಪ್ಪು, ಮೀನಿನ ಹುಳಿ, ಮೊಸರು. ಅಯ್ಯಗಾರು, ಅಮ್ಮಗಾರು ಇಬ್ಬರೂ ಕೋಣೆಯಲ್ಲೇ ಊಟ ಮಾಡಿದ್ರು. ನಾನೇ ಬಡಿಸಿದೆ."

"ಅಮ್ಮಗಾರ ಮುಖ ಸರಿಯಾಗಿ ನೋಡಿದ್ರಾ?"

"ತಲೆ ಮೇಲೆ ಸೆರಗಿತ್ತು. ಬೆಳಕಿಗೆ ತಲೆನೋವು ಅಂತ ಅಯ್ಯಗಾರು ಅಂದ್ರು, ಕಿಟಕಿಯನ್ನೂ ಹಾಕಿದ್ರು. ಹೊಸದಾಗಿ ಮದುವೆಯಾದವರು, ನಾನ್ಯಾಕೆ ಬಗ್ಗಿ ಬಗ್ಗಿ ನೋಡ್ಲಿ?"

"ಹಿಂದಿನ ಸಂಜೆ ಬಂದಾಗ ನೋಡಿದ್ರಲ್ಲ?"

"ಆಗ ಚೂಡಿದಾರದಲ್ಲಿದ್ರು. ಚಿಕ್ಕ ಹುಡುಗಿ ಹಾಗೆ ಕಂಡ್ರು. ಸೀರೆ ಉಟ್ಟರೆ ಯಾರಾದ್ರೂ ದೊಡ್ಡೋರ ಹಾಗೆ ಕಾಣ್ತಾರಲ್ಲ?"

"ಏನಾದ್ರೂ ಮಾತಾಡಿದ್ರಾ?"

"ಇನ್ನಷ್ಟು ಮೊಸರು ಕೇಳಿದ್ರು. ‘ಇಂಕೊಂಚೆಂ ಪೆರುಗು ವೆಯ್ಯಂಡಿ’ ಅಂದ್ರು. ಎರಡು ಸಲ ಹಾಕಿಸ್ಕೊಂಡ್ರು. ತಲೆನೋವು ಅಂದ್ರೂ ಚೆನ್ನಾಗಿ ತಿಂದ್ರಮ್ಮಾ."

ಸುಲೋಚನಾ ಭೀಮಸೇನನ ಮುಖ ನೋಡಿದಳು. ಅರ್ಪಿತಾ ಮದುವೆಯಾಗಿ ಅರಸೀಕೆರೆಯಿಂದ ಬಂದು ಇನ್ನೂ ಹೊಸದು. ತರಕಾರಿಯವನ ಹತ್ತಿರ ಬೆರಳು ತೋರಿಸಿ ವ್ಯಾಪಾರ ಮಾಡುತ್ತಿದ್ದಳೆಂದು ಪೆಂಡುರ್ತಿಯ ನೆರೆಯವರು ನಕ್ಕು ಹೇಳಿದ್ದರು.

"ಅವರ ತೆಲುಗು ಹೇಗಿತ್ತು ಜಯಮ್ಮಾ? ತೊದಲ್ತಿದ್ರಾ?"

"ಇಲ್ಲಮ್ಮಾ, ಒಳ್ಳೇ ಬೆಜವಾಡ ತೆಲುಗು, ವಿಜಯವಾಡದ ಕಡೆಯದು. ಮಾತುಮಾತಿಗೂ ಮರ್ಯಾದೆಯ ಅಂಡಿ, ಅಂಡಿ." ಜಯಮ್ಮ ಮುಗುಳ್ನಕ್ಕಳು. "ಥೇಟ್ ನೀವು ಮಾತಾಡಿದ ಹಾಗೇನೇ."

ಭೀಮಸೇನನ ಕಣ್ಣು ಒಂದು ಕ್ಷಣ ಸುಲೋಚನಾಳ ಮೇಲೆ ನಿಂತು ಸರಿಯಿತು.

"ಬೆಳಿಗ್ಗೆ ಏನಾದ್ರೂ ಸದ್ದು ಕೇಳಿಸ್ತಾ?"

"ಸದ್ದು ಅಂತ ಏನಿಲ್ಲ. ಸಮುದ್ರದ ಕಡೆಯಿಂದ ‘ಅಕ್ಕಾ, ಅಕ್ಕಾ’ ಅಂತ ಯಾರೋ ಕೂಗ್ತಿದ್ರು. ಕೆಳಗೆ ಮೀನುಗಾರರ ಹೆಂಗಸರು ಚಿಪ್ಪು ಆರಿಸೋಕೆ ಬರ್ತಾರೆ. ಒಬ್ಬರನ್ನೊಬ್ಬರು ಹಾಗೇ ಕರೀತಾರೆ. ಅಯ್ಯಗಾರನ್ನು ಕೇಳಿದ್ದಕ್ಕೆ ಅವರೂ ಅದನ್ನೇ ಅಂದ್ರು. ಆಮೇಲೆ ಟಿವಿ ಜೋರಾಗಿ ಹಾಕ್ಕೊಂಡ್ರು."

"ಕೂಗು ಎಲ್ಲೀವರೆಗೆ ಇತ್ತು?"

"ಪಪ್ಪಿಗೆ ಒಗ್ಗರಣೆ ಹಾಕುವಾಗಲೂ ಇತ್ತು. ಊಟಕ್ಕೆ ಎಲೆ ಹಾಕುವಾಗ ಸಣ್ಣಗಾಗಿತ್ತು. ಬೆಕ್ಕು ಅಳುತ್ತಲ್ಲ, ಹಾಗೆ..."

ಜಯಮ್ಮನ ಮಾತು ಅಲ್ಲಿಗೇ ನಿಂತಿತು. ಅವಳು ಒಮ್ಮೆ ಸುಲೋಚನಾಳನ್ನು ನೋಡಿದಳು, ಒಮ್ಮೆ ಪೊಲೀಸಿನವನನ್ನು.

"ಅಮ್ಮಾ, ಆ ಕೂಗು..."

ಜಯಮ್ಮ ಗೋಡೆ ಹಿಡಿದು ನೆಲಕ್ಕೆ ಕುಸಿದಳು. "ನಾನು ಮೊಸರು ಬಡಿಸ್ತಾ ಇದ್ದೆನಲ್ಲಮ್ಮಾ," ಎಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು.

ಹೊರಗೆ ಜಗುಲಿಗೆ ಬಂದಾಗ ಭೀಮಸೇನನ ಮುಖ ಕಪ್ಪಿಟ್ಟಿತ್ತು.

"ಬೆಳಿಗ್ಗೆ ತಳ್ಳಿದ್ರೆ ಬೆಳಿಗ್ಗೇನೇ ಅಯ್ಯೋ ಬಿದ್ಲು ಅಂತ ಕೂಗಬಹುದಿತ್ತಲ್ಲ ಮೇಡಂ? ಸಾಯಂಕಾಲದ ನಾಟಕ ಯಾಕೆ?"

"ಆಕಿ ಸಾಯಲಿಲ್ಲ, ಅದಕ್ಕ. ಮಂದಿ ಕೂಡಿಸಿದ್ರ ಎತ್ತಿ ದವಾಖಾನಿಗೆ ಒಯ್ತಿದ್ರು. ಆಕಿ ಬಾಯಿ ಬಿಡ್ತಿದ್ಲು. ಕೆಳಗ ಹೋಗಿ ಮುಗಸೂ ಧೈರ್ಯ ಇಲ್ಲ. ಹಿಂಗಾಗಿ ಕಾಯ್ದರು. ಆಕಿ ಸಾಯೂತನ, ಆಕಿ ಕೋಣ್ಯಾಗ ಆರಾಮ ಅದಾಳ ಅಂತ ಯಾರಿಗರೆ ಕಾಣಬೇಕಲ್ಲ? ಅದಕ್ಕ ಇನ್ನೊಬ್ಬಾಕಿ ಸೀರಿ ಉಟ್ಟು, ಸೆರಗು ಹೊದ್ದು, ಊಟಕ್ಕ ಕೂತ್ಲು."

"ಕೆಳಗೆ ಆಯಮ್ಮ ಅರಚ್ತಾ ಇರುವಾಗ?"

"ಹೌದು. ಎರಡು ಸಲ ಮೊಸರು ಹಾಕಿಸ್ಕೊಂಡು."

ಭೀಮಸೇನ ಕೆಟ್ಟ ಮಾತೊಂದನ್ನು ತೆಲುಗಿನಲ್ಲಿ ಉಗುಳಿ, ಜೀಪಿನ ಕಡೆ ಹೋದ. ಬೆಳಗಾಗುತ್ತಲೇ ಸುಮಂತ್‌ನನ್ನು ಎತ್ತುವ ಏರ್ಪಾಡು ಮಾಡಬೇಕಿತ್ತು.

ಸುಲೋಚನಾ ಜಗುಲಿಯಲ್ಲೇ ನಿಂತಳು. ದೂರದಲ್ಲಿ ಭೀಮಿಲಿಯ ದೀಪಸ್ತಂಭ ಬೆಳ್ಳಗೆ ಕಾಣುತ್ತಿತ್ತು. ಆ ಭಾನುವಾರ ಅವಳೂ ಅದರ ಬುಡದಲ್ಲೇ ಕೂತಿದ್ದಳು. ಮದುವೆ ಗಂಡೊಬ್ಬನ ನಡತೆ ವಿಚಾರಿಸಬೇಕೆಂದು ಹೆಸರು ಹೇಳದ ಹೆಂಗಸೊಬ್ಬಳು ಫೋನಿನಲ್ಲಿ ಬೇಡಿಕೊಂಡಿದ್ದಳು. ಗಂಡೂ ಬರಲಿಲ್ಲ, ಹೆಂಗಸೂ ಬರಲಿಲ್ಲ. ಸುಟ್ಟ ಜೋಳ ತಿಂದು, ಮೋಸಹೋದೆನೆಂದು ಬೈದುಕೊಂಡು ಅವಳು ರೈಲು ಹತ್ತಿದ್ದಳು. ಇಷ್ಟು ಹತ್ತಿರದಲ್ಲಿ ಒಂದು ಜೀವ ಬಿಸಿಲಲ್ಲಿ ಒಣಗುತ್ತಿತ್ತು.

ಅದನ್ನು ಭೀಮಸೇನನಿಗೆ ಹೇಳಬೇಕೆನಿಸಿತು. ಪತ್ತೇದಾರಿಣಿಯೇ ಮಂಗ ಆದ ಕಥೆ, ನಾಚಿಕೆಯಾಗಿ ಸುಮ್ಮನಾದಳು.

ಅವಳ ತಲೆ ಕೊರೆಯುತ್ತಿದ್ದದ್ದು ಬೇರೆ. ನೋವಾದಾಗ ಮನುಷ್ಯರು ಅಮ್ಮಾ ಎನ್ನುತ್ತಾರೆ. ಅರ್ಪಿತಾ ಅಕ್ಕಾ ಎಂದಿದ್ದಳು. ತೆಲುಗಿನಲ್ಲಿ ಅಕ್ಕ ಅಂದರೆ ಅಕ್ಕ. ಕನ್ನಡದಲ್ಲೂ ಅಷ್ಟೇ.

*

ಮರುದಿನ ಬೆಳಿಗ್ಗೆ ಪೆಂಡುರ್ತಿಯಲ್ಲಿ ಕಂಪನಿ ಬಸ್ಸು ಹತ್ತಲು ನಿಂತಿದ್ದ ಸುಮಂತ್‌ನನ್ನು ಜೀಪಿಗೆ ಹತ್ತಿಸಿದರು. ಅವನು ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡು, ಇವತ್ತು ರಜೆ ಹಾಕಿಲ್ಲ ಎಂದಷ್ಟೇ ಹೇಳಿದನಂತೆ.

ಸುಲೋಚನಾ ಕಮಲಾಕ್ಷಿಯ ಮೇಲಿನ ಸಂಶಯವನ್ನು ಭೀಮಸೇನನಿಗೆ ಹೇಳಲಿಲ್ಲ. ಮಾತಿನ ರೀತಿ ಮತ್ತು ಒಂದು ಕೂಗು, ಎರಡನ್ನೇ ಇಟ್ಟುಕೊಂಡು ತಂಗಿಯನ್ನು ಕಳೆದುಕೊಂಡವಳ ಮೇಲೆ ಪೊಲೀಸರನ್ನು ಬಿಡುವುದು ಹೇಗೆ? ತನ್ನ ಎರಡೂ ಕೈ ಹಿಡಿದು ಆ ಹೆಂಗಸು ಅತ್ತದ್ದು ಅವಳ ಕಣ್ಣಿಗೆ ಕಟ್ಟಿತ್ತು. ಮೊದಲು ತಾನೇ ಕೇಳಬೇಕು ಎಂದುಕೊಂಡು ವಿಜಯವಾಡದ ರೈಲು ಹತ್ತಿದಳು.

ಕಮಲಾಕ್ಷಿ ಇದ್ದ ಭವಾನಿಪುರಂ ತಲುಪುವಾಗ ಸಂಜೆಯಾಗಿತ್ತು. ಮೂರನೆಯ ಮಹಡಿಯ ಮನೆ. ಕಿಟಕಿಯಿಂದ ಕೃಷ್ಣಾ ನದಿ, ಅದರಾಚೆ ದ್ವೀಪದ ಮರಗಳು. ಗೋಡೆಯ ಮೇಲೆ ಅರ್ಪಿತಾಳ ಫೋಟೋಗೆ ಮಲ್ಲಿಗೆ ಹಾರ.

ಕಮಲಾಕ್ಷಿ ಬ್ಯಾಂಕಿನಿಂದ ಆಗಷ್ಟೇ ಬಂದಿದ್ದಳು. ಅಧಿಕಾರಿಯಾಗಿ ವರ್ಗವಾಗಿ ಬಂದು ಈ ಊರಲ್ಲೇ ಬೇರೂರಿದವಳು. ಸುಲೋಚನಾಳ ಕೈಚೀಲ ಇಸಿದುಕೊಂಡು, ಬಾಗಿಲು ಹಾಕಿ, ಕಾಫಿ ತಂದಿಟ್ಟಳು.

"ಅವನನ್ನ ಹಿಡಿದ್ರಂತೆ? ಟಿವಿನಲ್ಲಿ ಬಂತು. ನೀವು ದೇವರು ಸುಲೋಚನಾ. ನನ್ನ ತಂಗಿ ಆತ್ಮಕ್ಕೆ..."

"ಕಮಲಾಕ್ಷಿ ಅವರ, ಆ ಭಾನುವಾರ ನೀವು ಎಲ್ಲಿದ್ರಿ?"

"ಇಲ್ಲೇ ಇದ್ದೆ. ಹೇಳಿದ್ನಲ್ಲ, ಬಟ್ಟೆ ಒಗೀತಿದ್ದೆ. ರಾತ್ರಿ ಫೋನ್ ಬಂತು, ಓಡಿದೆ."

"ಮಧ್ಯಾಹ್ನದ ಊಟ?"

"ಊಟನಾ?"

"ಹೌದು. ಎರಡು ಸಲ ಮೊಸರು ಹಾಕಿಸ್ಕೊಂಡ್ರಂತ."

ಕಮಲಾಕ್ಷಿ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಆಮೇಲೆ ಸೆರಗು ಬಿಟ್ಟಳು. ಕಣ್ಣು ಒಣಗಿದ್ದವು.

"ಎಮ್ಮೆ ಮೊಸರು," ಎಂದಳು. "ಚೆನ್ನಾಗಿತ್ತು."

ಇಷ್ಟು ಸಲೀಸಾಗಿ ಬರುತ್ತದೆಂದು ಸುಲೋಚನಾ ಎಣಿಸಿರಲಿಲ್ಲ. ಕಮಲಾಕ್ಷಿ ಎದುರಿನ ಕುರ್ಚಿಯಲ್ಲಿ ಕೂತು ತನ್ನ ಕಾಫಿಯನ್ನು ಆರಿಸಿಕೊಳ್ಳತೊಡಗಿದಳು.

"ಯಾಕ?" ಎಂದಳು ಸುಲೋಚನಾ.

"ಸುಮಂತ್ ಹೆಣ್ಣು ನೋಡೋಕೆ ಬಂದಿದ್ದು ನನ್ನನ್ನ. ಗೊತ್ತಾ ನಿಮಗೆ? ಅವಳು ಉಪ್ಪಿಟ್ಟಿನ ತಟ್ಟೆ ತಂದ್ಲು. ಇಟ್ಟು ಒಳಗೆ ಹೋಗೋದು ಬಿಟ್ಟು ನಗ್ತಾ ಅಲ್ಲೇ ನಿಂತ್ಲು. ಸಂಜೆಗೆ ಫೋನು. ದೊಡ್ಡೋಳು ಬೇಡ, ಚಿಕ್ಕೋಳಾದ್ರೆ ಆಗ್ಬಹುದು ಅಂತ. ಅಪ್ಪ ಅಮ್ಮ ಇಲ್ವಲ್ಲ, ಧಾರೆ ಎರೆಯೋ ಹೊತ್ತಿಗೆ ನನ್ನನ್ನೇ ಪಕ್ಕದಲ್ಲಿ ನಿಲ್ಲಿಸಿದ್ರು. ಅವಳ ಜಡೆ ಹೆಣೆದಿದ್ದು ನಾನು. ಅವನು ನನ್ನ ಮುಂದೆನೇ ಅವಳಿಗೆ ತಾಳಿ ಕಟ್ಟಿದ."

"ಅದು ಅವನ ತಪ್ಪು."

"ಅವನಿಗೂ ಹಾಗೇ ಅನ್ನಿಸ್ತಂತೆ. ತಿಂಗಳು ತುಂಬೋ ಮೊದಲೇ ಈ ಬಾಗಿಲಿಗೆ ಬಂದು ಅತ್ತ. ಅವನನ್ನ ಕ್ಷಮಿಸ್ದೆ. ಅವಳನ್ನ ಆಗ್ಲಿಲ್ಲ."

"ಆಕಿ ನಿಮ್ಮ ಕೈಯಾಗ ಬೆಳದಾಕಿ."

"ಅದಕ್ಕೇ. ರಾತ್ರಿ ರೈಲಿಗೆ ಹೋಗಿ ಬೆಳಕು ಹರಿಯೋ ಮುಂಚೆ ಅವರ ಕೋಣೆ ಬಾಗಿಲು ತಟ್ಟಿದೆ. ನನ್ನ ನೋಡಿ ಎಷ್ಟು ಕುಣಿದ್ಲು ಅಂತೀರಿ! ಹೇಳ್ದೆ ಕೇಳ್ದೆ ಬಂದ್ಯಲ್ಲಾ ಅಂತ ತಬ್ಕೊಂಡ್ಲು. ಸೂರ್ಯ ಹುಟ್ಟೋದು ನೋಡೋಣ ಬಾ ಅಂತ ಅವಳೇ ನನ್ನ ಕೈ ಹಿಡ್ಕೊಂಡು ತಾರಸಿಗೆ ಎಳ್ಕೊಂಡು ಹೋದ್ಲು."

"ತಳ್ಳಿದ್ದು ಯಾರು?"

"ಅದನ್ನ ಅವನನ್ನೇ ಕೇಳಿ. ನಾನು ಕೈ ಬಿಡಿಸ್ಕೊಂಡೆ, ಅಷ್ಟೇ."

ಸುಲೋಚನಾಳಿಗೆ ಕಾಫಿ ಮುಟ್ಟಲು ಮನಸ್ಸಾಗಲಿಲ್ಲ. ಈ ವೃತ್ತಿಯಲ್ಲಿ ಕಳ್ಳರನ್ನು ಕಂಡಿದ್ದಳು, ಕುಡುಕ ಗಂಡಂದಿರನ್ನು, ಸುಳ್ಳು ಹೇಳಿದ ಮದುವೆ ಗಂಡುಗಳನ್ನು ಕಂಡಿದ್ದಳು. ಇಂಥದ್ದನ್ನು ಕಂಡಿರಲಿಲ್ಲ.

"ಆಕಿ ಮಧ್ಯಾಹ್ನದ ತನಕ ನಿಮ್ಮನ್ನ ಕರದ್ಲು."

"ಗೊತ್ತು. ಚಿಕ್ಕೋಳಿದ್ದಾಗ ಬಚ್ಚಲಲ್ಲಿ ಜಿರಳೆ ಕಂಡ್ರೂ ಹಾಗೇ ಕೂಗ್ತಿದ್ಲು. ಕೂಗ್ತಾ ಇದ್ರೆ ಅಕ್ಕ ಬಂದೇ ಬರ್ತಾಳೆ ಅಂತ ಅವಳ ಲೆಕ್ಕ." ಕಮಲಾಕ್ಷಿ ಒಂದು ಗುಟುಕು ಕುಡಿದಳು. "ಒಂದ್ಸಲ ಕಿಟಕಿ ಹತ್ರ ಹೋಗಿ ನಿಂತೆ. ನನ್ನ ನೋಡಿದ್ಲು. ಕೂಗೋದು ನಿಲ್ಲಿಸಿ, ಕೈ ಮೇಲಕ್ಕೆ ಚಾಚಿದ್ಲು. ಈಗ ಇಳಿದು ಬರ್ತಾಳೆ ಅಂದ್ಕೊಂಡ್ಲು ಪಾಪ. ನಾನು ಕಿಟಕಿ ಹಾಕ್ದೆ."

"ದೇವ್ರೇ! ಯಾಕ?"

"ಬಿಸಿಲು ಒಳಗೆ ಬರ್ತಿತ್ತು."

ಸುಲೋಚನಾ ಎದ್ದು ನಿಂತಳು.

"ಇದನ್ನೆಲ್ಲಾ ನೀವು ಕೋರ್ಟಿನಾಗ ಹೇಳಬೇಕಾಗ್ತದ."

"ನಾನ್ಯಾಕೆ ಹೇಳ್ಲಿ? ಕಟಕಟೆಯಲ್ಲಿ ನಿಲ್ಲೋದು ನೀವು." ಕಮಲಾಕ್ಷಿ ತಲೆ ಎತ್ತಿ ನೋಡಿದಳು. "ಈಗ ನಾನು ಕೇಳ್ತೀನಿ. ಆ ಭಾನುವಾರ ನೀವು ಎಲ್ಲಿದ್ರಿ?"

ಸುಲೋಚನಾ ಕೈಚೀಲ ಎತ್ತಿಕೊಂಡಳು.

ಕಮಲಾಕ್ಷಿಯ ದನಿ ಬದಲಾಯಿತು. ತೆಳ್ಳಗೆ, ಅಳು ತುಂಬಿದ, ಅಚ್ಚ ಬೆಜವಾಡದ ತಾಯಿಯೊಬ್ಬಳ ದನಿ. "ಮಾ ಅಮ್ಮಾಯಿ ಜೀವಿತಮಂಡೀ. ಮೀರೇ ಚೂಡಾಲಿ."

ಫೋನಿನಲ್ಲಿ ಕೇಳಿದ್ದ ದನಿ ಅದೇ. ನಮ್ಮ ಹುಡುಗಿಯ ಬಾಳಿನ ಪ್ರಶ್ನೆ, ನೀವೇ ನೋಡಬೇಕು ಎಂದು ಬೇಡಿಕೊಂಡು, ಭೀಮಿಲಿಯ ದೀಪಸ್ತಂಭದ ಬುಡದಲ್ಲಿ ಕಾಯಲು ಹೇಳಿದ್ದ ದನಿ.

"ಜಾಮೀನಿಲ್ದೆ ಸಾಲ ಕೊಡೋದು ನನಗೆ ಅಭ್ಯಾಸ ಇಲ್ಲ ಸುಲೋಚನಾ. ಸುಮಂತ್ ಹೆದರುಪುಕ್ಕ, ಎಲ್ಲೋ ಎಡವ್ತಾನೆ ಅಂತ ನನಗೆ ಗೊತ್ತಿತ್ತು. ಎಡವಿದ್ರೆ ಒಬ್ಬಳು ಹೆಂಗಸು ಬೇಕಲ್ಲ? ನನ್ನ ವಯಸ್ಸಿನೋಳು, ಕನ್ನಡದೋಳು, ಬೆಜವಾಡ ತೆಲುಗು ಮಾತಾಡೋಳು. ನಾನು ಹೊರಡುವಾಗ ಅವನು ಭೀಮಿಲಿವರೆಗೆ ಬಿಡೋಕೆ ಬಂದ. ನೀವು ಜೋಳ ತಿಂತಾ ಕೂತಿದ್ರಿ. ಅವನ ಕ್ಯಾಮರಾದಲ್ಲಿ ಚೆನ್ನಾಗಿ ಬಂದಿದ್ದೀರಿ. ತಾರೀಖು ಸಮೇತ."

"ನನ್ನ ನೇಮಿಸಿದಾಕಿ ನೀವು. ಅದು ಭೀಮಸೇನ ಅವರಿಗೆ ಗೊತ್ತದ."

"ನೀವು ಹೇಳಿದ್ದಷ್ಟೇ ಅವರಿಗೆ ಗೊತ್ತು. ನಾನು ಹೇಳಿದ್ದೀನಾ? ಅವರ ಮುಂದೆ ಒಮ್ಮೆಯಾದ್ರೂ ನಿಮ್ಮ ಪಕ್ಕ ನಿಂತಿದ್ದೀನಾ? ನೀವು ಯಾರು ಅಂತಲೇ ನನಗೆ ಗೊತ್ತಿಲ್ಲ. ನನ್ನ ಹೆಸರು ಹೇಳ್ಕೊಂಡು ಮಹಲಿಗೆ ನುಗ್ಗಿ ಸುಳಿವೆಲ್ಲ ತುಳಿದು ಹಾಕಿದ್ದೀರಿ."

ಸುಲೋಚನಾಳ ಮೊಬೈಲ್ ರಿಂಗಾಯಿತು. ಭೀಮಸೇನ.

"ಎಲ್ಲಿದ್ದೀರಿ?" ಎಂದ. ಮೇಡಂ ಇಲ್ಲ, ಗಾರು ಇಲ್ಲ.

"ವಿಜಯವಾಡದಾಗ. ಸಾಹೇಬ್ರ, ಕೇಳ್ರಿ..."

"ನೀವು ಕೇಳಿ. ಸುಮಂತ್ ಬಾಯಿ ಬಿಟ್ಟ. ಊಟಕ್ಕೆ ಕೂತಿದ್ದೋಳು ನೀವೇ ಅಂತಾನೆ. ನಿಮಗೂ ಅವನಿಗೂ ಮೊದ್ಲಿಂದ ಸಂಬಂಧ ಐತೆ ಅಂತಾನೆ. ಫೋಟೋ ತೋರಿಸಿದ. ಆವತ್ತು ನೀವು ಭೀಮಿಲಿಯಲ್ಲಿದ್ದಿದ್ದು ನಿಜಾನಾ? ಇಷ್ಟು ದಿನ ನನ್ನ ಜೊತೆ ತಿರುಗಿ ಒಂದು ಮಾತು ಹೇಳಲಿಲ್ವಲ್ಲ?"

"ಅದನ್ನ ಹೇಳ್ತೀನಿ. ಮೊದಲ ಇದನ್ನ ಕೇಳ್ರಿ. ನಾನೀಗ ಕಮಲಾಕ್ಷಿ ಮನಿಯಾಗ..."

ಕಮಲಾಕ್ಷಿ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು. ಕೈ ಒರೆಸಿಕೊಂಡಳು. ಅಡುಗೆಮನೆಯ ಬಾಗಿಲ ಚೌಕಟ್ಟಿನ ಹತ್ತಿರ ಹೋಗಿ, ಅದರ ಎರಡೂ ಬದಿ ಹಿಡಿದು, ಹಣೆಯನ್ನು ಅದರ ಅಂಚಿಗೆ ಬಲವಾಗಿ ಬಡಿದಳು.

ಒಮ್ಮೆ. ಮತ್ತೊಮ್ಮೆ.

"ಏ! ಏನು ಮಾಡ್ಲಿಕ್ಕತ್ತೀರಿ!"

ಸುಲೋಚನಾ ಮೊಬೈಲ್ ಎಸೆದು ಹಾರಿ ಅವಳ ಭುಜ ಹಿಡಿದಳು. ಮೂರನೆಯ ಹೊಡೆತ ತಡೆಯಲು ಹಣೆಗೆ ಅಂಗೈ ಅಡ್ಡ ಕೊಟ್ಟಳು. ಅಂಗೈ ತುಂಬ ಬೆಚ್ಚಗೆ ರಕ್ತ ಹರಿಯಿತು.

ಆಗ ಕಮಲಾಕ್ಷಿ ಕಿರುಚಿದಳು. ಇಡೀ ಕಟ್ಟಡಕ್ಕೆ ಕೇಳುವಂತೆ, ತೆಲುಗಿನಲ್ಲಿ.

"ಕಾಪಾಡಂಡೀ! ನನ್ನು ಕೂಡಾ ಚಂಪೇಸ್ತೋಂದಿ! ನಾ ಚೆಲ್ಲೆಲ್ನಿ ಚಂಪಿಂದಿ ಈವಿಡೇ!"

ನನ್ನನ್ನೂ ಕೊಲ್ಲುತ್ತಿದ್ದಾಳೆ, ನನ್ನ ತಂಗಿಯನ್ನು ಕೊಂದವಳು ಇವಳೇ.

ನೆಲದ ಮೇಲೆ ಬಿದ್ದ ಮೊಬೈಲಿನಿಂದ ಭೀಮಸೇನನ ದನಿ ಬರುತ್ತಿತ್ತು. "ಹಲೋ? ಸುಲೋಚನಾ! ಬಿಡು ಆಯಮ್ಮನ್ನ! ಬಿಡು!"

ಮೆಟ್ಟಿಲುಗಳ ಮೇಲೆ ಹೆಜ್ಜೆಗಳು ದಡದಡ ಏರಿ ಬಂದವು. ಹೊರಗಿನಿಂದ ಯಾರೋ ಬಾಗಿಲು ನೂಕಿದರು. ಚಿಲಕ ಒಳಗಿನಿಂದ ಬಿದ್ದಿತ್ತು. ಇನ್ನೊಬ್ಬರು ಹೆಗಲು ಕೊಟ್ಟರು. ಮರ ಕಿರುಗುಟ್ಟಿತು.

ಕಮಲಾಕ್ಷಿ ಸುಲೋಚನಾಳ ತೋಳಿನಲ್ಲೇ ಜಾರಿ ಕೆಳಗೆ ಕೂತಳು. ರಕ್ತ ಹುಬ್ಬಿನ ಮೇಲಿಂದ ಇಳಿದು ಹಲ್ಲುಗಳಿಗೆ ಹತ್ತಿತ್ತು. ಹೊರಗಿನವರಿಗೆ ಅರ್ಥವಾಗದ ಕನ್ನಡದಲ್ಲಿ, ಮಗುವಿಗೆ ಹೇಳುವಷ್ಟು ಮೆತ್ತಗೆ ಅವಳು ಹೇಳಿದಳು.

"ಹೋಗಿ, ಬಾಗಿಲು ತೆಗೀರಿ. ಜನ ಬಂದ್ರು."